ಸತ್ಯಾಂಶ: ಎಡನೀರು ಮಠಕ್ಕೆ ಜಮೀನು ಮರಳಿತೇ?

‘ಕೇಶವಾನಂದ ಭಾರತೀ ಸ್ವಾಮೀಜಿ ಸರ್ಕಾರದ ವಿರುದ್ಧ ಗೆದ್ದು ಮಠದ ಜಮೀನನ್ನು ಮರಳಿ ಪಡೆದರು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಮೊಕದ್ದಮೆ ನಿಜ, ಜಮೀನಿನ ಮಾತು ಸುಳ್ಳು.

ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ 1970ರಲ್ಲಿ ಕೇರಳದ ಭೂಸುಧಾರಣಾ ಕಾಯ್ದೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಪ್ರಕರಣ ಇತ್ಯರ್ಥವಾಗುವ ಮೊದಲೇ, 1972ರಲ್ಲಿ, ಸಂಸತ್ತು 29ನೇ ತಿದ್ದುಪಡಿ ತಂದು ಆ ಕಾಯ್ದೆಯ 1969 ಮತ್ತು 1971ರ ತಿದ್ದುಪಡಿಗಳನ್ನು ಸಂವಿಧಾನದ ಒಂಬತ್ತನೇ ಅನುಸೂಚಿಗೆ ಸೇರಿಸಿತು. ಮೂಲಭೂತ ಹಕ್ಕುಗಳಿಗೆ ಧಕ್ಕೆ ಎಂಬ ಕಾರಣಕ್ಕೆ ಕಾಯ್ದೆಗಳು ರದ್ದಾಗದಂತೆ ಕಾಪಾಡುವ ಈ ಪಟ್ಟಿ ಹುಟ್ಟಿದ್ದು 1951ರಲ್ಲಿ. ಬಿಹಾರದ ಜಮೀನ್ದಾರರು ಪಟ್ನಾ ಹೈಕೋರ್ಟಿನಲ್ಲಿ ಗೆದ್ದಾಗ, ಭೂಸುಧಾರಣೆಯನ್ನು ಇಂಥ ದಾವೆಗಳಿಂದ ಕಾಪಾಡಲು ಕಟ್ಟಿದ ಕೋಟೆ ಅದು.

1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ, 7–6ರ ಬಹುಮತದಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಎಂದು ಸಾರಿತು. ಐತಿಹಾಸಿಕ ಮಾತು, ಸರಿ. ಆದರೆ ಅದೇ ತೀರ್ಪು 29ನೇ ತಿದ್ದುಪಡಿಯನ್ನು ಎತ್ತಿಹಿಡಿಯಿತು; ಅಂದರೆ ಕೇರಳದ ಕಾಯ್ದೆಗೆ ಸಿಕ್ಕ ರಕ್ಷಣೆ ಉಳಿಯಿತು. ಸ್ವಾಮೀಜಿಯ ಹೆಸರು ಕಾನೂನು ಪುಸ್ತಕಗಳಲ್ಲಿ ಉಳಿಯಿತು, ಜಮೀನು ಮಾತ್ರ ಆ ತೀರ್ಪಿನಿಂದ ಬರಲಿಲ್ಲ.

‘ಒಂಬತ್ತನೇ ಅನುಸೂಚಿಗೆ ಸೇರಿದ ಕಾಯ್ದೆಯನ್ನು ಯಾವ ನ್ಯಾಯಾಲಯವೂ ಮುಟ್ಟುವಂತಿಲ್ಲ’ ಎಂಬುದು ಇದರ ಬೆನ್ನಿಗೇ ಬರುವ ಇನ್ನೊಂದು ಸಂದೇಶ. ಅದೂ ತಪ್ಪು. 1973ರ ಆ ತೀರ್ಪಿನ ದಿನ ಅಥವಾ ನಂತರ ಈ ಅನುಸೂಚಿಗೆ ಸೇರಿಸಿದ ಕಾಯ್ದೆಗಳು ಮೂಲ ಸ್ವರೂಪಕ್ಕೆ ಧಕ್ಕೆ ತರುತ್ತವೆಯೇ ಎಂದು ನ್ಯಾಯಾಲಯ ಪರಿಶೀಲಿಸಬಹುದೆಂದು 2007ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದಾರೆ.