ಇನ್ನೊಬ್ರು ಯಾರಾದ್ರೂ "ಯಾವಾಗ ಹೋಗ್ತಿ" ಅಂತ ಕೇಳಿದ್ರ ನಾ ಏನ್ ಮಾಡ್ತೀನೋ ಗೊತ್ತಿಲ್ಲ

ಇವತ್ತ ಮುಂಜಾನೆ ಕಾಯಿಪಲ್ಲೆ ತರಾಕ ಹೋಗಿದ್ದೆ. 2021ರ ಮೇ ತಿಂಗಳು, ಕೊರೋನಾ ಲಾಕ್‌ಡೌನ್ ಅಲ್ರಿ, ಹತ್ತರೊಳಗ ತಂದ್ರ ತಂದಂಗ, ಇಲ್ಲಂದ್ರ ಪೊಲೀಸ್ರ ಲಾಠಿ, ಹಿಂಗಾಗಿ ಗಂಗಾವತಿ ಅನ್ನೂ ಗಂಗಾವತಿನ ಆ ಟೈಮಿಗೆ ರೋಡಿನ ಮ್ಯಾಲ ಇರ್ತೈತಿ. ಮೆಂತೆಪಲ್ಲೆ ಸಿವುಡು ಕೈಯಾಗ ಹಿಡ್ಕೊಂಡು ರೊಕ್ಕ ಕೊಡಾಕತ್ತಿದ್ದೆ, ಹಿಂದಿಂದ ನಮ್ಮ ಓಣಿ ಅಕ್ಕಾರೊಬ್ರು ಮಾಸ್ಕ್ ಗದ್ದಕ್ಕ ಇಳಿಸ್ಕೊಂಡು ಇಡೀ ಸಂತಿಗೆ ಕೇಳೂಹಂಗ "ಏನವಾ, ಇನ್ನೂ ಇಲ್ಲೇ ಅದೀಯಲ್ಲ, ಗಂಡ ಕರ್ಕೊಳ್ಳಾಕ ಒಲ್ಲೆ ಅಂದನೇನು?" ಅಂದ್ರು.

ನಾ ಏನೂ ಮಾತಾಡ್ಲಿಲ್ಲ. ನಕ್ಕೆ. ಅದ ನೋಡ್ರಿ ನನಗ ಸಿಟ್ಟು, ನಕ್ಕೆ ನಾ! ಮನಿಗೆ ಬಂದು ಪಲ್ಲೆ ಸೋಸ್ಕೋತ ಕುಂತಾಗ ಸಿಟ್ಟು ನೆತ್ತಿಗೇರ್ತು, ಅದಕ್ಕ ಇಲ್ಲಿ ಕಾರ್ಕೊಳ್ಳಾಕತ್ತೀನಿ, ಓದೋರು ಓದ್ರಿ, ಬ್ಯಾಡಾದೋರು ಬಿಡ್ರಿ.

ನಮ್ಮನಿಯಾರು ಆಸ್ಟ್ರೇಲಿಯಾದೋರು. ಅಡಿಲೇಡ್ ಅಂತ ಊರು, ನಾ ಓದಾಕ ಹೋದಾಗ ಪರಿಚಯ ಆದದ್ದು. ಅಪ್ಪನ್ನ ನೋಡಾಕ ತವರಿಗೆ ಬಂದು, ಈಗ ವಾಪಸ್ ಹೋಗಾಕ ಆಗದ ಇಲ್ಲೇ ಸಿಕ್ಕೊಂಡೀನಿ. ಇದನ್ನ ಬಿಡಿಸಿ ಹೇಳೂದ್ಯಾಕ ಅಂದ್ರ ನಮ್ಮ ಕಡೆ ಬಿಳಿ ಅಳಿಯ ಅಂದ ಕೂಡ್ಲೆ ಬರೂ ಮೊದಲ್ನೇ ಪ್ರಶ್ನೆ "ವಿರುಪಾಪುರ ಗಡ್ಡಿಯಾಗ ಸಿಕ್ಕನೇನು?" ಹೊಳಿ ಆಚಿಕ ಹಂಪಿ, ಈಚಿಕ ನಮ್ಮ ಗಡ್ಡಿ, ಫಾರಿನ್ ಮಂದಿ ಅಂದ್ರ ಅಲ್ಲಿ ಸ್ಕೂಟಿ ಮ್ಯಾಲ ಅಡ್ಡಾಡೋರು ಅಷ್ಟ ಅಂತ ಲೆಕ್ಕ. 2020ರಾಗ ಸುಪ್ರೀಂ ಕೋರ್ಟ್ ತೀರ್ಪು ಬಂದು ಅಲ್ಲಿ ರೆಸಾರ್ಟ್ ಕೆಡವಿದ್ರಲ್ಲ, ಆವಾಗ ನಮ್ಮ ಬಳಗದಾಗ ಒಬ್ರು "ಹಂಗಾರ ನಿನ್ನ ಗಂಡನ ಮನಿನೂ ಹೋತೇಳು" ಅಂತ ಜೋಕ್ ಬ್ಯಾರೆ ಹೊಡದ್ರು. 2019ರಾಗ ಇದ ಗಂಗಾವತಿಯಾಗ ಮನಿ ಮುಂದ ಹಂದರ ಹಾಕಿ, ಆ ಮನಿಷ್ಯಾಗ ಬಾಸಿಂಗ ಕಟ್ಟಿಸಿ, ಅಕ್ಕಿಕಾಳು ಹಾಕಿ, ಹೋಳಿಗಿ ಉಂಡು ಹೋದ ಮಂದಿನ ಇವತ್ತ "ಖರೇ ಮದಿವಿ ಆಗೇತೋ ಇಲ್ಲೋ" ಅಂತ ಕೇಳೂದು.

ಇರಲಿ. ಎರಡನೇ ಪ್ರಶ್ನೆ ಏನಂದ್ರ "ಆಸ್ಟ್ರೇಲಿಯಾ ಬಾಗಲಾ ಹಾಕೇತಿ ಅಂತ ಗೊತ್ತಿದ್ದೂ ಯಾಕ ಬಂದಿ?" ಇದನ್ನ ಇಲ್ಲಿಯೋರೂ ಕೇಳ್ತಾರ, ಅಲ್ಲಿಯೋರೂ ಕೇಳ್ತಾರ, ಸುದ್ದಿ ಕೆಳಗ ಕಮೆಂಟ್ ಹಾಕೂ ಮಂದಿ ಅಂತೂ "ಪ್ಯಾಂಡೆಮಿಕ್ಕಿನ್ಯಾಗ ಟೂರ್ ಹೊಡ್ಯಾಕ ಹೋದೋರು, ಅನುಭವಿಸ್ಲಿ" ಅಂತಾರ. ಫೆಬ್ರವರಿಯಾಗ ಅಪ್ಪಗ ಬೈಪಾಸ್ ಆತು. ಅಪ್ಪನ ಎದಿ ಸೀಳೂ ದಿನ ನಾ ವಾಟ್ಸಾಪ್ ವಿಡಿಯೋದಾಗ ಇರ್ಬೇಕಿತ್ತೇನು? ಕೊರೋನಾದಾಗ ನಮ್ಮ ಸರ್ಕಾರ ಬಿಟ್ಟಿದ್ದ ವಂದೇ ಭಾರತ್ ವಿಮಾನದಾಗ ಸೀಟು ಹಿಡ್ಕೊಂಡು ಬಂದೆ, ನಲವತ್ತು ದಿನ ಇದ್ದು ಹೋಗೂದು ಅಂತ ಪ್ಲ್ಯಾನ್. ಆವಾಗ ಇಲ್ಲಿ ಕೇಸೂ ಇಳಿದಿದ್ವು, ಮದಿವಿ ಮುಂಜವಿ ಜಾತ್ರಿ ಎಲ್ಲಾ ನಡದಿದ್ವು, ಯಾರ್ಗೂ ಎರಡನೇ ಅಲಿ ಕಂಡಿದ್ದಿಲ್ಲ.

ಮತ್ತ ನಾ ಏನೂ ಕದ್ದು ಹೋಗೂದಿಲ್ಲರೀ. ಆ ದೇಶ 2020ರ ಮಾರ್ಚ್ 20ಕ್ಕ ಬಾಗಲಾ ಹಾಕೇತಿ, ಆದ್ರ ಅಲ್ಲಿ ಸಿಟಿಜನ್ ಇದ್ದೋರ ಗಂಡ ಹೆಂಡ್ತಿಗೆ ವಿನಾಯ್ತಿ ಐತಿ, ನನ್ನ ಪಾಸ್‌ಪೋರ್ಟಿಗೆ ಪಾರ್ಟ್ನರ್ ವೀಸಾ ಐತಿ. ಕಾಗದದ ಮ್ಯಾಲ ನೋಡಿದ್ರ ನಾ ರಾಣಿ. ಖರೇವಂದ್ರ ಏನಂದ್ರ ವಾರಕ್ಕ ಇಷ್ಟ ಮಂದಿ ಒಳಗ ಬರ್ಬೇಕು ಅಂತ 2020ರ ಜುಲೈಯಿಂದನ ಲೆಕ್ಕ ಹಾಕ್ಯಾರ, ಅಷ್ಟು ದೊಡ್ಡ ವಿಮಾನದಾಗ ಮೂವತ್ತು ನಲವತ್ತು ಮಂದಿ ಕುಂದ್ರಿಸ್ಕೊಂಡು ಹಾರಿಸ್ತಾರ, ಇನ್ನ ಏರ್‌ಲೈನಿನೋರು ಮೊದ್ಲ ಯಾರನ್ನ ಹತ್ತಿಸ್ಕೊಳ್ತಾರ ಹೇಳ್ರಿ? ಬಿಸಿನೆಸ್ ಕ್ಲಾಸಿನೋರನ್ನ. ನಮ್ಮಂಥೋರ ಟಿಕೆಟ್ ಅಂದ್ರ ರಶ್ ಬಸ್ಸಿನ ಸೀಟಿಗೆ ಕಿಡಕ್ಯಾಗಿಂದ ಟಾವೆಲ್ ಒಗದಂಗ, ಒಗಿಬಹುದು, ಸೀಟು ಸಿಗೂದು ದೇವ್ರ ಕೈಯಾಗ.

ಮಾರ್ಚ್‌ನ್ಯಾಗಿನ ಕತಿ ಕೇಳ್ರಿ. ವಿಮಾನ ಬಿಡೂ ಹೊತ್ತಿಗೆ ಹಿಂದಿನ 72 ತಾಸಿನೊಳಗ ಆರ್‌ಟಿಪಿಸಿಆರ್ ಮಾಡಿಸಿರ್ಬೇಕು, ಜನವರಿಯಿಂದ ಬಂದ ರೂಲ್ಸು. 72 ತಾಸು ಅಂದ್ರ ಮೂರು ದಿನ ಆತಲ್ಲ ಅಂತೀರಿ ನೀವು. ಗಂಗಾವತಿಯಾಗ ಮೂಗಿನ್ಯಾಗ ಕಡ್ಡಿ ಹಾಕ್ತಾರ, ಆ ಕಡ್ಡಿ ಜೀಪಿನ್ಯಾಗ ಬ್ಯಾರೆ ಊರಿಗೆ ಹೋಗ್ಬೇಕು, ಅಲ್ಲಿ ಸಾಲಿನ್ಯಾಗ ನಿಂದ್ರಬೇಕು, ರಿಪೋರ್ಟ್ ಮೊಬೈಲಿಗೆ ಬರ್ಬೇಕು, ಅಲ್ಲಿಂದ ನಾ ಬೆಂಗಳೂರಿಗೆ ಒಂದು ರಾತ್ರಿ ಹಾದಿ ಹಿಡಿಬೇಕು. ಒಂದೊಂದು ತಾಸೂ ಎಣಿಸಿ ಎಣಿಸಿ ಕೊಟ್ಟೆ ಸ್ವಾಬ್. ಎರಡನೇ ದಿನ ಸಂಜಿಮುಂದ ರಿಪೋರ್ಟ್ ಬಂತು, ನೆಗೆಟಿವ್, ಅವ್ವ ದೇವ್ರ ಮುಂದ ಊದಿನಕಡ್ಡಿ ಹಚ್ಚಿದ್ಲು. ನಾ ದೊಡ್ಡದ ಮಾಡಿ ನೋಡ್ತೀನಿ, ಲಿಂಗ ಅನ್ನೂ ಜಾಗದಾಗ ಪುರುಷ ಅಂತ ಐತಿ. ಪಾಸ್‌ಪೋರ್ಟ್ ನಂಬರ್ ಇರೂ ಜಾಗನ ಇಲ್ಲ. ಹೆಸರಿನ್ಯಾಗ ನಮ್ಮ ಅಡ್ಡಹೆಸರು ಮುಂದ ಬಂದೈತಿ, ನನ್ನ ಹೆಸರು ಒಂದು ಅಕ್ಷರಕ್ಕ ಇಳಿದೈತಿ.

ಓಡ್ದೆ. ಕೌಂಟರಿನ್ಯಾಗ ಕುಂತಿದ್ದ ಹುಡುಗ ನನ್ನ ಮಾರಿ ನೋಡಿದ, ರಿಪೋರ್ಟ್ ನೋಡಿದ, "ನೆಗೆಟಿವ್ ಐತಲ್ಲ ಮೇಡಂ, ಮತ್ತೇನ್ ಬೇಕು?" ಅಂದ. ಅಪ್ಪಾ, ನಾ ಹೆಂಗಸು ಅದೀನಿ ಅಂದೆ. "ಅದು ಮ್ಯಾಲಿಂದ ಲಾಕ್ ಆಗಿರ್ತೈತ್ರೀ, ನಮ್ಮ ಕೈಯಾಗ ಇಲ್ಲ." ಈ ಮ್ಯಾಲೆ ಅನ್ನೂದು ಎಲ್ಲಿ ಐತಿ, ಯಾರ ಮನಿ ಮಾಳಿಗಿ ಮ್ಯಾಲ ಐತಿ ಅಂತ ಒಂದಿನ ಏಣಿ ಹಚ್ಚಿ ನೋಡ್ಬೇಕಾಗೇತಿ ನನಗ! ರಾತ್ರಿ ಒಂಬತ್ತರ ತನಕ ಅಲ್ಲೇ ಮೆಟ್ಟಿಲ ಮ್ಯಾಲ ಕುಂತೆ. ಕಡೀಕ ಒಬ್ಬ ಪುಣ್ಯಾತ್ಮ ಡಾಕ್ಟ್ರು, ಊಟಕ್ಕ ಹೊಂಟೋರು ವಾಪಸ್ ಬಂದು, ಲೆಟರ್‌ಹೆಡ್ ಮ್ಯಾಲ ಹೆಸರು, ಹುಟ್ಟಿದ ತಾರೀಖು, ಪಾಸ್‌ಪೋರ್ಟ್ ನಂಬರ್ ಎಲ್ಲಾ ಬರ್ದು ಸಿಕ್ಕಾ ಒತ್ತಿ ಕೊಟ್ರು. ಅವ್ರ ಕಾಲಿಗೆ ಬೀಳೂದೊಂದ ಬಾಕಿ.

ರಾತ್ರೋರಾತ್ರಿ ಕಾರ್ ಮಾಡ್ಕೊಂಡು ಹೊಸಪೇಟಿ, ಚಿತ್ರದುರ್ಗ ಹಾದಿ ಹಿಡದು ಬೆಂಗಳೂರಿಗೆ ಹೊಂಟ್ರ ತುಮಕೂರು ದಾಟಿದ ಮ್ಯಾಲ ಮೊಬೈಲ್ ಟಿಂಗ್ ಅಂತು. ಈಮೇಲ್. ನಿಮ್ಮ ಸೀಟು ರದ್ದಾಗಿದೆ, ತೊಂದರೆಗೆ ವಿಷಾದ. ಅಷ್ಟ. ಡ್ರೈವರ್ ಕೇಳಿದ, "ಏರ್‌ಪೋರ್ಟಿಗೆ ಹೋಗೂದೋ, ತಿರುಗಿಸೂದೋ ಅಕ್ಕಾರ?" ನಾ ಹತ್ತು ನಿಮಿಷ ಏನೂ ಹೇಳ್ಲಿಲ್ಲ, ಅಂವ ಪಾಪ ಎಡಕ್ಕ ಗಾಡಿ ನಿಲ್ಸಿ ಚಹಾ ತಂದು ಕೊಟ್ಟ.

ಟಿಕೆಟಿನ ರೊಕ್ಕ ಏನಾತು ಅಂತ ಕೇಳ್ಬ್ಯಾಡ್ರಿ. ಕ್ರೆಡಿಟ್ ಅಂತ, ವೋಚರ್ ಅಂತ. ವೋಚರ್ ಹರದು ಒಗ್ಗರಣಿಗೆ ಹಾಕ್ಲೇನು?

ಮತ್ತ ಹುಡುಕಿದ್ವಿ. ಮೇ 4ಕ್ಕ ದೋಹಾ ಮ್ಯಾಲಾಸಿ ಒಂದು ಸಿಕ್ತು. ಅಷ್ಟರಾಗ ಎರಡನೇ ಅಲಿ ಬಂದು ಊರಾಗ ದಿನಾ ಒಂದು ಸಾವಿನ ಸುದ್ದಿ, ನನಗ ಹೋಗಾಕೂ ಮನಸಿಲ್ಲ ಇರಾಕೂ ಮನಸಿಲ್ಲ, ಆದ್ರ ಅಪ್ಪನ "ನೀ ಹೋಗು, ಇಲ್ಲಿದ್ರ ನನಗ ನಿನ್ನ ಚಿಂತಿ" ಅಂತ ಜುಲ್ಮಿ ಮಾಡಿದ. ಏಪ್ರಿಲ್ 27ಕ್ಕ ಆಸ್ಟ್ರೇಲಿಯಾ ಸರ್ಕಾರದೋರು ಇಂಡಿಯಾದ ವಿಮಾನ ಮೇ 15ರ ತನಕ ಬಂದ್ ಅಂದ್ರು, ನಮ್ದು ದೋಹಾ ಮ್ಯಾಲಾಸಿ ಐತಿ, ನಡಿತೈತಿ ಅಂತ ಏಜೆಂಟ್ ಧೈರ್ಯ ಹೇಳಿದ. ಮೇ 1ಕ್ಕ ಸ್ವಾಬ್ ಕೊಡೂದಿತ್ತು. ಹಿಂದಿನ ರಾತ್ರಿ ಹತ್ತೂವರಿಗೆ ನಮ್ಮನಿಯಾರ ಫೋನ್. ಅಲ್ಲಿ ನಮಗಿಂತ ನಾಕು ತಾಸು ಮುಂದ, ಅಂದ್ರ ನಡುರಾತ್ರಿ ಎರಡೂವರಿ. ಆ ಹೊತ್ತಿನ್ಯಾಗ ಫೋನ್ ಬಂತಂದ್ರ ಯಾರೋ ಹೋದ್ರು ಅಂತ ಎದಿ ಧಸಕ್ ಅಂತು. ಯಾರೂ ಹೋಗಿದ್ದಿಲ್ಲ. ಹೊಸ ಆರ್ಡರ್ ಬಂದಿತ್ತು. ಹಿಂದಿನ 14 ದಿನದಾಗ ಇಂಡಿಯಾದಾಗ ಇದ್ದೋರು ಯಾರೂ, ಸ್ವಂತ ಸಿಟಿಜನ್ನರೂ ಸೈತ, ಮೇ 3ರಿಂದ ಒಳಗ ಬರಂಗಿಲ್ಲ. ಬಂದ್ರ ಐದು ವರ್ಷದ ತನಕ ಜೈಲು, ಇಲ್ಲಾ 66,600 ಆಸ್ಟ್ರೇಲಿಯನ್ ಡಾಲರ್ ತನಕ ದಂಡ, ಇಲ್ಲಾ ಎರಡೂ. ನಮ್ಮ ರೊಕ್ಕದಾಗ ಸುಮಾರು 38 ಲಕ್ಷ.

ಓದ್ರಿ ಇನ್ನೊಮ್ಮೆ. ನಾ ನನ್ನ ಗಂಡನ ಮನಿಗೆ ಹೋದ್ರ ಐದು ವರ್ಷ ಜೈಲು. ಕಳ್ಳತನ ಮಾಡಿದ್ರೂ ಇಷ್ಟು ಹಾಕಂಗಿಲ್ಲ. ನಮ್ಮ ದೊಡ್ಡವ್ವಗ ಇದನ್ನ ತಿಳಿಸಿ ಹೇಳಿದ್ರ ಆಕಿ "ಗಂಡನ ಮನಿಗೆ ಹೋಗ್ಲಿಲ್ಲಂದ್ರ ಬೈತಾರ ನಮ್ಮಲ್ಲಿ, ಇದ್ಯಾವ ಊರವಾ ಹೋದ್ರ ಹಿಡಿತಾರಲ್ಲ" ಅಂದ್ಲು. ಈ ಆರ್ಡರಿನ ಮ್ಯಾಲ ಎಷ್ಟೊಂದು ಮಂದಿ ಎಷ್ಟೊಂದು ಬರದ್ರು, ಬೆಂಗಳೂರಿನ್ಯಾಗ ಸಿಕ್ಕೊಂಡಿದ್ದ ಅಲ್ಲಿಯೋರೊಬ್ರು ಅಲ್ಲಿನ ಫೆಡರಲ್ ಕೋರ್ಟಿಗೂ ಹೋದ್ರು, ಮೇ 10ಕ್ಕ ಕೇಸ್ ಬಿದ್ದುಹೋತು, ಆದ್ರ ನಮ್ಮ ದೊಡ್ಡವ್ವನಷ್ಟು ಸೀದಾ ಯಾರೂ ಹೇಳಿಲ್ಲ.

ಇನ್ನೊಂದು ಐತಿ, ಇದಂತೂ ಗಂಟಲಾಗ ಮುಳ್ಳು ಸಿಕ್ಕಂಗ ಐತಿ. ಕ್ರಿಕೆಟ್. ಏಪ್ರಿಲ್ ಕಡೀಕ ಇಬ್ರು ಐಪಿಎಲ್ ಆಟಗಾರ್ರು ಇದ ದೋಹಾ ಹಾದಿಯಾಗ ಆರಾಮ ಮನಿ ಮುಟ್ಟಿದ್ರು. ಮೇ 4ಕ್ಕ ಐಪಿಎಲ್ ನಿಂತಿತು, ನನ್ನ ವಿಮಾನ ಇದ್ದ ದಿನನ ನೋಡ್ರಿ, ಉಳಿದ ಆಸ್ಟ್ರೇಲಿಯಾದ ಆಟಗಾರ್ರು, ಕೋಚು, ಕಾಮೆಂಟರಿ ಹೇಳೋರು ಹತ್ತತ್ರ ಎಲ್ಲಾರ್ನೂ ಮಾಲ್ಡೀವ್ಸಿಗೆ ಒಯ್ದು, ಅಲ್ಲಿ ಸಮುದ್ರದ ದಂಡಿಗೆ ಕುಂದ್ರಿಸಿ, ಮೇ 17ಕ್ಕ ಸಿಡ್ನಿಗೆ ಇಳಿಸಿದ್ರು. ನನಗ ಅವ್ರ ಮ್ಯಾಲ ಸಿಟ್ಟಿಲ್ಲ, ಅವ್ರಿಗೂ ಮನಿ ಮಠ ಇರ್ತೈತಿ. ಆದ್ರ ಮನಿಯಾಗ ಟಿವಿ ಮುಂದ ಕುಂತು ನಮ್ಮ ತಮ್ಮ "ನೀನೂ ಬೌಲಿಂಗ್ ಕಲ್ತಿದ್ರ ಈಟೊತ್ತಿಗೆ ಮುಟ್ಟಿರ್ತಿದ್ದೆಲ್ಲ" ಅಂದಾಗ ರಿಮೋಟ್ ಬೀಸಿ ಒಗದೆ. ಗ್ವಾಡಿಗೆ ಬಡದು ಸೆಲ್ಲು ಹಾರಿದ್ವು, ಒಂದು ಸೆಲ್ ಇನ್ನೂ ಸಿಕ್ಕಿಲ್ಲ.

ಈಗ ಮೇ 15ರಿಂದ ಡೆಲ್ಲಿಯಿಂದ ಆಸ್ಟ್ರೇಲಿಯಾದ ಡಾರ್ವಿನ್ನಿಗೆ ಅಲ್ಲಿನ ಸರ್ಕಾರದ ವಿಮಾನ ಬಿಟ್ಟಾರ. ಅಲ್ಲಿ ಹೊವರ್ಡ್ ಸ್ಪ್ರಿಂಗ್ಸ್ ಅಂತ ಕ್ವಾರಂಟೈನ್ ಕ್ಯಾಂಪ್, ಹದಿನಾಲ್ಕು ದಿನ ಅಲ್ಲೇ. ಬರ್ತೀವಿ ಅಂತ ಹೆಸರು ಬರಸಿದೋರು ಸುಮಾರು 9,000 ಮಂದಿ. ಮೊದಲ್ನೇ ವಿಮಾನದಾಗ 150 ಸೀಟು, ಅದ್ರಾಗ ನಲವತ್ತಕ್ಕೂ ಹೆಚ್ಚು ಮಂದಿಗೆ ಹತ್ತೂ ಮೊದ್ಲ ಪಾಸಿಟಿವ್ ಬಂತು, ಅವ್ರ ಜೋಡಿ ಇದ್ದೋರ್ನೂ ಬಿಟ್ರು, ಹತ್ತತ್ರ ಅರ್ಧ ಸೀಟು ಖಾಲಿ ಹಾರಿದ್ವು. ಖಾಲಿ! ಆ ಸುದ್ದಿ ಓದಿದ ದಿನ ನಾ ಉಣ್ಲಿಲ್ಲ. ನನ್ನ ಹೆಸರೂ ಆ ಲಿಸ್ಟಿನ್ಯಾಗ ಐತಿ, ಮುದುಕ್ರು, ಜಡ್ಡಿದ್ದೋರು, ಸಣ್ಣ ಮಕ್ಕಳಿದ್ದೋರು ಮೊದ್ಲ, ಅದು ಸರಿನ ಐತಿ, ಅದಕ್ಕ ನಾ ತಕರಾರು ಮಾಡಂಗಿಲ್ಲ. ಆದ್ರ ನನ್ನ ನಂಬರ್ ಎಷ್ಟನೇದು ಅಂತರ ಒಬ್ರಾದ್ರೂ ಹೇಳ್ರಿ? ರೇಷನ್ ಅಂಗಡ್ಯಾಗ ಸೈತ ಹೇಳ್ತಾರ. ಈಮೇಲ್ ಮಾಡಿದ್ರ ತಾನ ಉತ್ತರ ಬರ್ತೈತಿ, ನಿಮ್ಮ ವಿಷಯ ಗಮನಕ್ಕೆ ಬಂದಿದೆ. ಮೆಶಿನ್ ಬರ್ದದ್ದು. ಫೋನ್ ಮಾಡಿದ್ರ ಸಂಗೀತ. ಆ ಸಂಗೀತ ನಮ್ಮಪ್ಪಗ ಬಾಯಿಪಾಠ ಆಗೇತಿ, ಮಾತ್ರಿ ನುಂಗ್ಕೋತ ಗುನುಗ್ತಾನ.

ಅಲ್ಲಿ ವೃದ್ಧಾಶ್ರಮದಾಗ ನನ್ನ ಕೆಲಸ ಇತ್ತು, ಮೂರು ಸಲ ರಜಾ ಮುಂದ ಹಾಕಿದ್ರು, ನಾಕನೇ ಸಲಕ್ಕ ಬ್ಯಾರೆಯೋರ್ನ ತಗೊಂಡ್ರು. ಇಲ್ಲಿ ಲಸಿಕಿ ಹಾಕಿಸ್ಕೊಳ್ಳೂಣು ಅಂದ್ರ 18 ದಾಟಿದೋರಿಗೆ ಮೇ 10ಕ್ಕ ಚಾಲೂ ಮಾಡಿ 14ಕ್ಕ ನಿಲ್ಸಿಬಿಟ್ರು. ಎಲ್ಲೆಲ್ಲಿ ಸಾಲು ಐತಿ ಅಲ್ಲಿ ನಾ ಕಡೀಕ.

ಕೊಟ್ಟ ಹೆಣ್ಣು ಕುಲಕ್ಕ ಹೊರಗು ಅಂತಾರ ನಮ್ಮಲ್ಲಿ. ಹಂಗಾಗಿ ತವರುಮನಿಯಾಗ ಎರಡು ತಿಂಗಳು ದಾಟಿದ್ರ ಓಣಿಗೆ ಲೆಕ್ಕ ಕೊಡ್ಬೇಕು. ಆ ಕಡೆ, ತಗೊಂಡ ಕುಲದೋರು ನೀ ಹುಟ್ಟಿದ್ದು ಇಂಡಿಯಾದಾಗ, ನೀನೂ ಹೊರಗ ಅಂತಾರ. ನಾ ಯಾವ ಬಾಗಲದಾಗ ನಿಂದ್ರಲಿ? ನಮ್ಮನಿಯಾರು ಒಳ್ಳೇ ಮನಿಷ್ಯಾ, ದಿನಾ ರಾತ್ರಿ ಫೋನಿನ್ಯಾಗ "ಊಟ ಆತಾ" ಅಂತ ಕನ್ನಡದಾಗ ಕೇಳ್ತಾನ, ಬರೂದು ಅದೊಂದ ಮಾತು, ಆದ್ರ ಮೊನ್ನೆ ಅಂವನೂ "ಅದೇನು ಫಾರ್ಮ್ ಸರಿ ತುಂಬಿದ್ದೀಯಲ್ಲ?" ಅಂದ. ಆಡಬಾರದ್ದೆಲ್ಲಾ ಆಡಿ ಫೋನ್ ಇಟ್ಟೆ. ಆಮ್ಯಾಲ ನಾನ ಮಾಡ್ದೆ. ಹೆಂಡ್ತಿ ಅಂತ ಸಾಬೀತು ಮಾಡಾಕ ನಾ ಕಳಿಸಿದ ಕಾಗದ ಎಷ್ಟು ಗೊತ್ತೇನು, ಕರೆಂಟ್ ಬಿಲ್ಲು, ಇಬ್ರ ಹೆಸರಿನ ಬ್ಯಾಂಕ್ ಸ್ಟೇಟ್‌ಮೆಂಟು, ಬಾಸಿಂಗ ಕಟ್ಟಿದ ಫೋಟೋ. ಇಷ್ಟು ಸಾಬೀತು ನಮ್ಮ ಓಣಿ ಅಕ್ಕಾರೂ ಕೇಳಿಲ್ಲ.

ಸೂಟ್‌ಕೇಸ್ ಮಾರ್ಚ್‌ನ್ಯಾಗ ಕಟ್ಟಿದ್ದು ಹಂಗ ಐತಿ, ನಡಮನಿ ಗ್ವಾಡಿಗೆ ಹಚ್ಚಿ. ಅದ್ರ ಮ್ಯಾಲ ಈಗ ಅಪ್ಪ ಪೇಪರ್ ಇಡ್ತಾನ. ಅವ್ವ ಅದ್ರಾಗ ಅಳಿಯಗ ಅಂತ ಶೇಂಗಾ ಚಟ್ನಿಪುಡಿ ಹಾಕಿದ್ಲು, ಅಲ್ಲಿ ಏರ್‌ಪೋರ್ಟಿನ್ಯಾಗ ತಿನ್ನೂ ಸಾಮಾನೆಲ್ಲ ಹೇಳಿ ತೋರಿಸ್ಬೇಕಬೇ, ಬಿಟ್ರ ಬಿಟ್ಟಂಗ, ಇಲ್ಲಂದ್ರ ತಿಪ್ಪಿಗೆ ಅಂತ ಹೇಳಿದ್ರೂ ಕೇಳಂಗಿಲ್ಲ. ಏಪ್ರಿಲ್ಲಿನ್ಯಾಗ ಎಣ್ಣಿ ವಾಸನಿ ಬಂತು ಅಂತ ತಗದು ಹೊಸಾದು ಹಾಕಿದ್ಲು. ಇವತ್ತ ನಾ ಪಲ್ಲೆ ಸೋಸೂದು ಮುಗಿಸಿ ಇದನ್ನ ಟೈಪ್ ಮಾಡಾಕತ್ತಾಗ ಅಡಗಿಮನ್ಯಾಗ ಮತ್ತ ಶೇಂಗಾ ಹುರಿಯೂ ವಾಸನಿ ಬರಾಕತ್ತೈತಿ, ಮೂರನೇ ಸಲ, ಒಳಗಿಂದನ ಒದರಿ ಕೇಳ್ತಾಳ, "ಈ ಸಲ ಖಾರ ಒಂಚೂರು ಕಮ್ಮಿ ಹಾಕ್ಲೇನು?"