ಡಬ್ಬಿಯ ಅಡಿಯ ಅಂಕಿ ಅದರ ಆಯಸ್ಸಲ್ಲ

‘ಪ್ಲಾಸ್ಟಿಕ್ ಡಬ್ಬಿ ಮಗುಚಿ ನೋಡಿ. ತ್ರಿಕೋನದೊಳಗೆ 1 ಇದ್ದರೆ ಒಂದೇ ಸಲ ಬಳಸಬೇಕು, 5 ಇದ್ದರೆ ಐದು ವರ್ಷ. ಹಳೆಯದನ್ನೆಲ್ಲ ಎಸೆದು ಗಾಜಿನ ಜಾರ್ ಕೊಳ್ಳಿ, ಪರಿಸರ ಉಳಿಸಿ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಆ ಅಂಕಿ ಹೇಳುವುದು ಪ್ಲಾಸ್ಟಿಕ್ ಯಾವ ಬಗೆಯದು ಎಂಬುದನ್ನಷ್ಟೇ. ಮರುಬಳಕೆಗೆ ವಿಂಗಡಿಸಲು ಸುಲಭವಾಗಲೆಂದು ಅಮೆರಿಕದ ಪ್ಲಾಸ್ಟಿಕ್ ಉದ್ಯಮ 1988ರಲ್ಲಿ ತಂದ ಗುರುತು ಅದು. 1 ಎಂದರೆ ನೀರಿನ ಬಾಟಲಿಗೆ ಬಳಸುವ ಪೆಟ್, 2 ಶಾಂಪೂ ಬಾಟಲಿಯಂಥವುಗಳ ಎಚ್‌ಡಿಪಿಇ, 5 ಊಟದ ಡಬ್ಬಿಯಂಥವುಗಳ ಪಾಲಿಪ್ರೊಪಿಲೀನ್. ವರ್ಷದ ಲೆಕ್ಕ ಅದರಲ್ಲಿಲ್ಲ.

ಬಿಸ್ಕತ್ತು ಬಂದ ಪೆಟ್ ಜಾರನ್ನು ತೊಳೆದು, ಚೆನ್ನಾಗಿ ಒಣಗಿಸಿ, ತೊಗರಿಬೇಳೆಯನ್ನೋ ಅವಲಕ್ಕಿಯನ್ನೋ ತುಂಬಿಡಲು ಅಡ್ಡಿಯಿಲ್ಲ. ಬಿಸಿ ಪದಾರ್ಥ ಮಾತ್ರ ಬೇಡ, ಜಾರೇ ಸೊಟ್ಟಗಾಗುತ್ತದೆ. ಉಪ್ಪಿನಕಾಯಿಗೆ ಅಜ್ಜಿಯ ಕಾಲದ ಪಿಂಗಾಣಿ ಭರಣಿಯೇ ಸರಿ. ಬಿರುಕು ಬಿಟ್ಟ, ವಾಸನೆ ಹಿಡಿದ ಡಬ್ಬಿಗಳನ್ನು ಒಣಕಸಕ್ಕೆ ಹಾಕಿ. ಪೇಂಟ್ ಬಂದ ಬಕೆಟ್‌ನಲ್ಲಿ ಅಕ್ಕಿ ತುಂಬುವವರೂ ಇದ್ದಾರೆ, ಅದು ಬೇಡವೇ ಬೇಡ. ಅದರ ಅಡಿಯ ಅಂಕಿ ಏನೇ ಇರಲಿ, ಅದು ಆಹಾರಕ್ಕೆಂದು ಮಾಡಿದ್ದಲ್ಲ.

ಇನ್ನು ಗಾಜಿನ ಜಾರ್. ಅದನ್ನು ತಯಾರಿಸಲು ಕುಲುಮೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಗಟ್ಟಿಮುಟ್ಟಾದ ಡಬ್ಬಿ ಎಸೆದು ಹೊಸ ಜಾರ್ ತಂದರೆ ಕಪಾಟು ಚೆಂದ ಕಂಡೀತು, ಕಸ ಮಾತ್ರ ಹೆಚ್ಚಾಗುತ್ತದೆ.