ಹಳೇ ಬೆಲ್ಟ್ ಎಲ್ಲಿ ಹೋಯ್ತು ಮಾರಾಯ್ರೆ?

ಈಗಷ್ಟೇ ಗ್ಯಾರೇಜಿನಿಂದ ಬಂದೆ. ಪೇಪರಿನಲ್ಲಿ ಸುತ್ತಿದ, ಸ್ಕೂಟರಿನ ಹಳೇ ಬೆಲ್ಟೊಂದು ಊಟದ ಮೇಜಿನ ಮೇಲೆ ಉಂಟು, ಅಮ್ಮ ಬಯ್ಯುತ್ತಿದ್ದಾರೆ. ಬಯ್ಯಲಿ. ಇವತ್ತು ಅದನ್ನು ತೆಗೆಯುವುದಿಲ್ಲ.

ನನ್ನ 2015ರ ಆಕ್ಟಿವಾ ನಿಮಗೆಲ್ಲ ಗೊತ್ತಲ್ಲ. ಕಳೆದ ವಾರದ ಮಳೆಗೆ ಉಡುಪಿಯ ಕಲ್ಸಂಕದಲ್ಲಿ ನೀರು ನಿಂತಿತ್ತು, ಅದರಲ್ಲೇ ದಾಟಿಸಿದೆ. ಮರುದಿನದಿಂದ ಇಂದ್ರಾಳಿ ಕಳೆದು ಮಣಿಪಾಲದ ಏರು ಸಿಕ್ಕಿದ ಕೂಡಲೇ ಗಾಡಿಗೆ ಕೆಮ್ಮು. ಹಿಂದಿನಿಂದ ಬಸ್ಸಿನವನ ಹಾರ್ನ್ ಬೇರೆ. ಯಾವಾಗಲೂ ಕೊಡುವ ದೊಡ್ಡ ಸರ್ವಿಸ್ ಸೆಂಟರಿಗೇ ಹೋದೆ. "ಕಂಪ್ಯೂಟರಲ್ಲಿ ಚೆಕ್ ಮಾಡ್ತೇವೆ ಮೇಡಂ" ಅಂದ ಹುಡುಗ. ಸ್ವಾಮೀ, ನನ್ನದು ಪೆಟ್ರೋಲಿಗೆ ಗಾಳಿ ಬೆರೆಸುವ ಹಳೇ ಕಾರ್ಬುರೇಟರಿನ ಗಾಡಿ. ಕಂಪ್ಯೂಟರಿನ ಲೆಕ್ಕದಲ್ಲಿ ಪೆಟ್ರೋಲ್ ಬಿಡುವ ಇಂಜೆಕ್ಷನ್ ಎಲ್ಲ ಬಂದದ್ದು 2020ರಲ್ಲಿ ಹೊಗೆಯ ಹೊಸ ನಿಯಮ ಬಿಎಸ್-6 ಬಂದಾಗ. ನನ್ನದಕ್ಕೆ ಕಂಪ್ಯೂಟರಿನ ವಯರು ಎಲ್ಲಿಗೆ ಸಿಕ್ಕಿಸ್ತಾರೆ? ಅರ್ಧ ಗಂಟೆಯಲ್ಲಿ ಲೆಕ್ಕ ಬಂತು: ಬೆಲ್ಟ್, ರೋಲರ್, ಕ್ಲಚ್, ಒಟ್ಟು 5,800 ರೂಪಾಯಿ.

ಬೆಲ್ಟ್? ಅದನ್ನು ಹೋದ ನವೆಂಬರಿನಲ್ಲಿ ಇವರೇ ಹಾಕಿದ್ದು! ಬಿಲ್ಲು ನನ್ನ ಹತ್ತಿರ ಉಂಟು. ಆವತ್ತು ಹಳೇದನ್ನು ಕೊಡಿ ಅಂದದ್ದಕ್ಕೆ "ಸ್ಕ್ರ್ಯಾಪಿಗೆ ಹೋಯ್ತು ಮೇಡಂ" ಅಂದಿದ್ದರು. ಅದೇ ಬಿಲ್ಲಿನಲ್ಲಿ ಒಂದು ಲೀಟರ್ ಆಯಿಲ್ ಬೇರೆ. ಈ ಗಾಡಿಗೆ ಪೂರ್ತಿ ಲೀಟರ್ ಹಿಡಿಯುವುದೇ ಇಲ್ಲ. ಉಳಿದದ್ದೂ ಸ್ಕ್ರ್ಯಾಪಿಗೆ ಹೋಯ್ತಾ?

ಗಾಡಿ ವಾಪಸ್ ತಗೊಂಡು ಅಂಬಲಪಾಡಿ ಕಡೆಯ ಒಂದು ಶೀಟಿನ ಮಾಡಿನ ಗ್ಯಾರೇಜಿಗೆ ಹೋದೆ. ಅಲ್ಲಿನ ಅಣ್ಣನಿಗೆ ಮಾತು ಕಡಿಮೆ. ಕಾರ್ಬುರೇಟರಿನ ಅಡಿಯ ಸ್ಕ್ರೂ ಸಡಿಲಿಸಿ, ಅರ್ಧ ಕತ್ತರಿಸಿದ ನೀರಿನ ಬಾಟಲಿ ಹಿಡಿದರು. ಪೆಟ್ರೋಲ್ ಇಳಿಯಿತು. ಅದರ ತಳದಲ್ಲಿ ನೀರು ಗೋಲಿಯ ಹಾಗೆ ಉರುಳಾಡುತ್ತಿತ್ತು. "ನೋಡಿ ಅಕ್ಕ, ಇದೇ ನಿಮ್ಮ ಕೆಮ್ಮು." ಅಷ್ಟೇ.

ಬೆಲ್ಟನ್ನೂ ನೋಡಿ ಅಂದೆ. ಕವರ್ ಬಿಚ್ಚಿ, ಬೆಲ್ಟ್ ತೆಗೆದು ಬಗ್ಗಿಸಿ ತೋರಿಸಿದರು. ಹಲ್ಲುಗಳ ಬುಡದಲ್ಲೆಲ್ಲ ಬಿರುಕು. "ಇದು ಎಂಟು ತಿಂಗಳಿನದ್ದಾ ಅಣ್ಣ?" ಅಂದೆ. ನಕ್ಕರು. ಯಾರನ್ನೂ ದೂರಲಿಲ್ಲ. ತಮಾಷೆ ನೋಡಿ, ಬೆಲ್ಟ್ ಬದಲಿಸಬೇಕು ಅಂತ ಸೆಂಟರಿನವರು ಹೇಳಿದ್ದು ಸರಿಯೇ. ಅವರು ಬದಲಿಸಿಯೇ ಇರಲಿಲ್ಲವಲ್ಲ! ಹೊಸದನ್ನು ನನ್ನ ಎದುರೇ ಡಬ್ಬಿ ಒಡೆದು ಹಾಕಿದರು, ಹಳೇದನ್ನು ಕೇಳುವ ಮೊದಲೇ ಪೇಪರಿನಲ್ಲಿ ಸುತ್ತಿ ಕೈಗಿಟ್ಟರು. ಕ್ಲಚ್, ರೋಲರ್ "ಇನ್ನೂ ಓಡ್ತದೆ." ಮಜೂರಿ ಸೇರಿ 1,050.

ತಮ್ಮ ಹೇಳ್ತಾನೆ, ಸೆಂಟರಿನಲ್ಲಾದರೆ ಬಿಲ್ಲು ಇರ್ತದೆ, ವಾರಂಟಿ ಇರ್ತದೆ, ಇಂಥವರು ಊರಲ್ಲಿ ಭೂತದ ಕೋಲ ಅಂತ ಎರಡು ದಿನ ಬಾಗಿಲು ಹಾಕ್ತಾರೆ ಅಂತ. ಹೌದು, ಹಾಕ್ತಾರೆ. ಹಾಕಲಿ. ಹತ್ತು ವರ್ಷ ದಾಟಿದ ಗಾಡಿಗೆ ಎಂತ ವಾರಂಟಿ? ಬಿಲ್ಲು ನನ್ನ ಹತ್ತಿರವೂ ಇತ್ತು, ಬೆಲ್ಟ್ ಇರಲಿಲ್ಲ ಅಷ್ಟೇ.

ಒಂದು ವಿಷಯ ಹೇಳಲಿಕ್ಕೇ ನಾಚಿಕೆ. ಈ ಅಣ್ಣ 1,050 ಅಂದಾಗ ನಾನು "ಸಾವಿರ ಮಾಡಿ" ಅಂದೆ. ನವೆಂಬರಿನಲ್ಲಿ ಎಸಿ ಕೌಂಟರಿನ ಎದುರು ನಾಲ್ಕು ಸಾವಿರಕ್ಕೆ ತುಟಿ ಪಿಟಕ್ಕೆನ್ನದೆ ಕಾರ್ಡ್ ಕೊಟ್ಟವಳು ನಾನೇ. ಅವರು ಸುಮ್ನೆ "ಆಯ್ತು ಅಕ್ಕ" ಅಂದರು. ಮನೆ ತನಕ ಆ ಐವತ್ತು ರೂಪಾಯಿ ಚುಚ್ಚುತ್ತಲೇ ಇತ್ತು.

ನಾಳೆ ಬೆಳಿಗ್ಗೆ ಮೊದಲು ಅದನ್ನು ಕೊಟ್ಟು ಬರಬೇಕು. ಆಮೇಲೆ ಬೆಲ್ಟ್ ಹಿಡ್ಕೊಂಡು ಸೆಂಟರಿಗೆ. ನಿಮ್ಮ ಸ್ಕ್ರ್ಯಾಪಿನಿಂದ ಇದು ನನ್ನ ಗಾಡಿಯ ಒಳಗೆ ವಾಪಸ್ ಹೇಗೆ ಬಂತು ಅಂತ ಕೇಳಲಿಕ್ಕುಂಟು.